ಕೊಳವೆಗಿಂತ ಮೊದಲು ಸಂಪರ್ಕ: ಕಾರ್ಬನ್ ನ್ಯಾನೊಟ್ಯೂಬ್ ಸಾಧನಕ್ಕೆ ಯಾವ ಕೊಳವೆ, ಯಾವ ಲೋಹ?

ಧಾರವಾಡ ಮತ್ತು ಹುಬ್ಬಳ್ಳಿಯ ಕಾಲೇಜುಗಳಿಂದ ಎಂ.ಎಸ್ಸಿ. ಅಥವಾ ಎಂ.ಟೆಕ್. ಪ್ರಾಜೆಕ್ಟಿಗಾಗಿ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಹಾಳೆ ಸುತ್ತಿಕೊಂಡು ಆದ ಅತಿ ಸಣ್ಣ ಕೊಳವೆ) ಟ್ರಾನ್ಸಿಸ್ಟರನ್ನೋ ಅನಿಲ ಸಂವೇದಕವನ್ನೋ ಆರಿಸಿಕೊಂಡು ಬರುವ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಕೊಳವೆಗಳನ್ನು ಬೆಳೆಸುವ ಬಗೆಯನ್ನು. ಕುಲುಮೆ ಯಾವುದು, ಅನಿಲ ಯಾವುದು, ತಾಪ ಎಷ್ಟು ಎಂಬ ವಿವರಗಳು ಅವರ ನೋಟ್‌ಬುಕ್ಕಿನಲ್ಲಿ ಹತ್ತು ಪುಟ ತುಂಬಿರುತ್ತವೆ; ಆ ಕೊಳವೆಯೊಳಗೆ ವಿದ್ಯುತ್ತನ್ನು ಬಿಡುವ ಮತ್ತು ಅದರಿಂದ ಹೊರತೆಗೆಯುವ ಲೋಹದ, ಅಂದರೆ ಸಂಪರ್ಕದ, ವಿಚಾರ ಮಾತ್ರ ಕೊನೆಯ ಪುಟದ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಈ ಬರಹದಲ್ಲಿ ಆ ಕ್ರಮವನ್ನು ಹಿಂದುಮುಂದು ಮಾಡಿದ್ದೇನೆ. ನಿಮ್ಮ ಕೈಯಲ್ಲಿ ಯಾವ ಸಂಪರ್ಕ ಸಾಧ್ಯ ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಹೊಂದುವ ಕೊಳವೆಯನ್ನು ಆಮೇಲೆ ಬೆಳೆಸಿರಿ ಅಥವಾ ಕೊಂಡುಕೊಳ್ಳಿರಿ ಎಂಬುದು ನನ್ನ ಖಚಿತವಾದ ಸಲಹೆ.

ಈ ಕ್ಷೇತ್ರದ ಇತಿಹಾಸವೂ ಇದನ್ನೇ ಹೇಳುತ್ತದೆ. ಜಪಾನಿನ ಸುಮಿಯೊ ಇಜಿಮಾ ಅವರು ಹಲವು ಗೋಡೆಗಳ ಕೊಳವೆಗಳನ್ನು ವರದಿ ಮಾಡಿದ್ದು 1991ರಲ್ಲಿ. ಒಂದೇ ಗೋಡೆಯ ಕೊಳವೆಗಳನ್ನು ಅವರ ತಂಡ ಮತ್ತು ಅಮೆರಿಕದ ಐಬಿಎಂ ತಂಡ ಬೇರೆಬೇರೆಯಾಗಿ ವರದಿ ಮಾಡಿದ್ದು 1993ರಲ್ಲಿ. 1998ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿಯೂ ಐಬಿಎಂನಲ್ಲಿಯೂ ಒಂಟಿ ಕೊಳವೆಯ ಟ್ರಾನ್ಸಿಸ್ಟರುಗಳು ಕೆಲಸ ಮಾಡಿದವು. ಆದರೆ ಮೊದಲೇ ಸಿದ್ಧಪಡಿಸಿದ ಲೋಹದ ಪಟ್ಟಿಗಳ ಮೇಲೆ ಕೊಳವೆಯನ್ನು ಸುಮ್ಮನೆ ಇರಿಸಿದ್ದ ಆ ಸಾಧನಗಳ ರೋಧ ಮೆಗಾಓಮ್ ಮಟ್ಟದಲ್ಲಿತ್ತು. ಐದು ವರ್ಷಗಳ ಬಳಿಕ, 2003ರಲ್ಲಿ, ಸ್ಟ್ಯಾನ್‌ಫರ್ಡ್‌ನ ಅಲಿ ಜಾವೇ, ಹೊಂಗ್‌ಜೀ ದಾಯ್ ಮತ್ತು ಸಂಗಡಿಗರು ಕೊಳವೆಯ ಮೇಲೆ ಪಲ್ಲಾಡಿಯಂ ಲೇಪಿಸಿ, ಭೌತವಿಜ್ಞಾನ ಅನುಮತಿಸುವ ಕನಿಷ್ಠ ರೋಧದ ಸಮೀಪಕ್ಕೆ ಬಂದರು. ಈ ಅಂತರವನ್ನು ಮುಚ್ಚಿದ ಮುಖ್ಯ ಸಂಗತಿ ಸಂಪರ್ಕವೇ.

ಕನಿಷ್ಠ ರೋಧ ಎಂದೆ. ಒಂದೇ ಗೋಡೆಯ ಕೊಳವೆಗೆ ಎಷ್ಟೇ ಒಳ್ಳೆಯ ಸಂಪರ್ಕ ಕೊಟ್ಟರೂ ಎರಡು ತುದಿಗಳ ನಡುವಿನ ರೋಧ ಸುಮಾರು 6.5 ಕಿಲೋಓಮಿಗಿಂತ ಕೆಳಗೆ ಇಳಿಯುವುದಿಲ್ಲ. ವಿದ್ಯುತ್ ಹರಿಯಲು ಅಲ್ಲಿರುವ ಕ್ವಾಂಟಂ ದಾರಿಗಳು ನಾಲ್ಕೇ ಆಗಿರುವುದು ಅದಕ್ಕೆ ಕಾರಣ. ಎಲೆಕ್ಟ್ರಾನು ಡಿಕ್ಕಿಯಿಲ್ಲದೆ ಸಾಗುವ ಸರಾಸರಿ ದೂರ ಕಡಿಮೆ ವೋಲ್ಟೇಜಿನಲ್ಲಿ ಅರ್ಧ ಮೈಕ್ರಾನ್ ಎಂದು ಹಿಡಿದರೆ, ಒಂದು ಮೈಕ್ರಾನ್ ಉದ್ದದ ಕೊಳವೆ ತನ್ನ ಪಾಲಿನದಾಗಿ ಸುಮಾರು 13 ಕಿಲೋಓಮ್ ಸೇರಿಸುತ್ತದೆ. ಅಂದರೆ ಒಟ್ಟು 20 ಕಿಲೋಓಮ್ ಆಸುಪಾಸು ಬರಬೇಕು. ನಿಮ್ಮ ಮೀಟರಿನಲ್ಲಿ 200 ಕಿಲೋಓಮ್ ಬಂದರೆ, ಉಳಿದ 180 ಕಿಲೋಓಮ್ ಎಲ್ಲಿ ಕುಳಿತಿದೆ ಎಂದು ಮೊದಲು ಹುಡುಕಬೇಕಾದ ಜಾಗ ಲೋಹ ಮತ್ತು ಕೊಳವೆ ಸೇರುವ ಎರಡು ತಾಣಗಳು. ನಾನು ಮಾರ್ಗದರ್ಶನ ಮಾಡಿದ ಒಂದು ಪ್ರಾಜೆಕ್ಟಿನಲ್ಲಿ ನಾವು ಒಂದಿಡೀ ಮಳೆಗಾಲವನ್ನು ಕುಲುಮೆಯ ತಾಪ ಬದಲಿಸುವುದರಲ್ಲಿ ಕಳೆದೆವು. ಕೊಳವೆಗಳು ಮೊದಲ ತಿಂಗಳಿನಿಂದಲೂ ಚೆನ್ನಾಗಿಯೇ ಬೆಳೆದಿದ್ದವು. ಕ್ರೋಮಿಯಂ ಮೇಲೆ ಚಿನ್ನ ಹಾಕಿದ ಸಂಪರ್ಕವೇ ದೋಷದ ಮೂಲವಾಗಿತ್ತು. ಆ ಮೂರು ತಿಂಗಳು ಮತ್ತೊಬ್ಬ ವಿದ್ಯಾರ್ಥಿಗೆ ಉಳಿಯಲಿ ಎಂಬ ಕಾಳಜಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ವ್ಯಾಸವೇ ಮೊದಲ ಜರಡಿ

ಕೊಳವೆಯನ್ನೂ ಸಂಪರ್ಕವನ್ನೂ ಒಂದಕ್ಕೊಂದು ಕಟ್ಟಿಹಾಕುವ ಅಂಶ ಕೊಳವೆಯ ವ್ಯಾಸ. ಅರೆವಾಹಕ ಕೊಳವೆಯ ಶಕ್ತಿ ಅಂತರವು (ಎಲೆಕ್ಟ್ರಾನುಗಳು ಇರಲಾರದ ಶಕ್ತಿಯ ವ್ಯಾಪ್ತಿ) ವ್ಯಾಸಕ್ಕೆ ವಿಲೋಮವಾಗಿ ಬದಲಾಗುತ್ತದೆ: 0.8ನ್ನು ನ್ಯಾನೊಮೀಟರಿನಲ್ಲಿ ಅಳೆದ ವ್ಯಾಸದಿಂದ ಭಾಗಿಸಿದರೆ ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ ಅಂದಾಜು ಸಿಗುತ್ತದೆ. 1.4 ನ್ಯಾನೊಮೀಟರಿನ ಕೊಳವೆಗೆ ಅದು 0.57 ಎಲೆಕ್ಟ್ರಾನ್‌ವೋಲ್ಟ್ ಆದರೆ, 0.8 ನ್ಯಾನೊಮೀಟರಿನ ಕೊಳವೆಗೆ ಒಂದು ಎಲೆಕ್ಟ್ರಾನ್‌ವೋಲ್ಟ್ ತಲುಪುತ್ತದೆ. ಅಂತರ ಹೆಚ್ಚಾದಷ್ಟೂ ಲೋಹದ ಶಕ್ತಿಮಟ್ಟ ಕೊಳವೆಯ ವೇಲೆನ್ಸಿ ಪಟ್ಟಿಯ (ಆ ಅಂತರದ ಕೆಳಗಿನ, ಎಲೆಕ್ಟ್ರಾನುಗಳು ತುಂಬಿರುವ ಮಟ್ಟಗಳ) ಅಂಚಿಗೆ ಸಮನಾಗುವುದು ಕಷ್ಟವಾಗುತ್ತದೆ, ನಡುವೆ ವಿದ್ಯುತ್ ದಾಟಲು ಅಡ್ಡಿಯಾಗುವ ಷಾಟ್ಕಿ ತಡೆ ಏಳುತ್ತದೆ. ಸುಮಾರು 1.5 ನ್ಯಾನೊಮೀಟರಿಗಿಂತ ದಪ್ಪನಾದ ಕೊಳವೆಗೆ ಪಲ್ಲಾಡಿಯಂ ಬಹುಮಟ್ಟಿಗೆ ತಡೆಯಿಲ್ಲದ ಸಂಪರ್ಕ ಕೊಡುತ್ತದೆ, 1.2ಕ್ಕಿಂತ ಸಣ್ಣದಾದರೆ ಅದೇ ಪಲ್ಲಾಡಿಯಂ ಕೂಡ ತಡೆಯನ್ನು ಪೂರ್ತಿ ಅಳಿಸಲಾರದು.

ಬೆಲೆ ನೋಡಿ ಪುಡಿ ಕೊಳ್ಳುವವರು ಎಡವುವುದು ಇಲ್ಲಿಯೇ. ರೈಸ್ ವಿಶ್ವವಿದ್ಯಾಲಯದ ಸ್ಮಾಲಿ ತಂಡ 1999ರಲ್ಲಿ ವರದಿ ಮಾಡಿದ ಹಿಪ್ಕೊ ವಿಧಾನದಲ್ಲಿ ಹೆಚ್ಚಿನ ಒತ್ತಡದ ಕಾರ್ಬನ್ ಮಾನಾಕ್ಸೈಡ್‌ನಿಂದ ಕೊಳವೆಗಳು ಬೆಳೆಯುತ್ತವೆ. ಒಕ್ಲಹೋಮಾದಲ್ಲಿ ರೂಪುಗೊಂಡ ಕೋಮೋಕ್ಯಾಟ್ ವಿಧಾನದಲ್ಲಿ ಕೋಬಾಲ್ಟ್ ಮತ್ತು ಮಾಲಿಬ್ಡಿನಂ ವೇಗವರ್ಧಕಗಳಾಗುತ್ತವೆ. ಎರಡರ ಕೊಳವೆಗಳೂ ಹೆಚ್ಚಾಗಿ 0.7ರಿಂದ 1.1 ನ್ಯಾನೊಮೀಟರಿನೊಳಗಿನವು. ಬೆಳಕಿನ ಹೀರುವಿಕೆ, ಪ್ರತಿದೀಪ್ತಿ, ಜೈವಿಕ ಸಂವೇದನೆ ಮೊದಲಾದ ಅಧ್ಯಯನಕ್ಕೆ ಇವು ಬಹಳ ಯೋಗ್ಯ, ವಿಂಗಡಿಸುವುದೂ ಸುಲಭ. ಆದರೆ ಹೆಚ್ಚು ಪ್ರವಾಹ ಕೊಡಬೇಕಾದ ಟ್ರಾನ್ಸಿಸ್ಟರಿಗೆ ಇವನ್ನು ತಂದರೆ, ಕೊಳವೆಯ ಶುದ್ಧತೆಯಲ್ಲಿ ಗಳಿಸಿದ್ದನ್ನು ಸಂಪರ್ಕದಲ್ಲಿ ಕಳೆದುಕೊಳ್ಳುತ್ತೀರಿ. ಕಾರ್ಬನ್ ಆರ್ಕ್ ಅಥವಾ ಲೇಸರ್ ಆವೀಕರಣದಿಂದ ಬಂದ ಪುಡಿಯ ಕೊಳವೆಗಳು 1.4 ನ್ಯಾನೊಮೀಟರಿನ ಸಮೀಪ ಇರುತ್ತವೆ, ಹಾಗಾಗಿ ಸಂಪರ್ಕದ ದೃಷ್ಟಿಯಿಂದ ಅವೇ ಮೇಲು.

ಕೊಂಡ ಪುಡಿಯನ್ನು ಪರೀಕ್ಷಿಸಲು ರಾಮನ್ ವರ್ಣಪಟಲವೊಂದು ಸಾಕು. ಕೊಳವೆ ಉಸಿರಾಡಿದಂತೆ ಹಿಗ್ಗಿ ಕುಗ್ಗುವ ಕಂಪನದ ರೇಖೆ ಎಲ್ಲಿದೆ ನೋಡಿರಿ. 248ನ್ನು ಆ ರೇಖೆಯ ಸ್ಥಾನದಿಂದ (ಪ್ರತಿ ಸೆಂಟಿಮೀಟರ್ ಮಾನದಲ್ಲಿ) ಭಾಗಿಸಿದರೆ ವ್ಯಾಸ ನ್ಯಾನೊಮೀಟರಿನಲ್ಲಿ ಬರುತ್ತದೆ. 177ರ ಬಳಿ ಶಿಖರ ಕಂಡರೆ 1.4, 310ರ ಬಳಿ ಕಂಡರೆ 0.8. ಸಿಲಿಕಾನ್ ಚಿಪ್ಪಿನ ಮೇಲೆ ನೋಡುವಾಗ 303ರ ಬಳಿ ಸಿಲಿಕಾನಿನದೇ ಒಂದು ರೇಖೆ ಇರುತ್ತದೆ, ಅದನ್ನು ಕೊಳವೆಯದೆಂದು ಭ್ರಮಿಸಬಾರದು. ಇದೇ ಪಟಲದಲ್ಲಿ 1350ರ ದೋಷದ ಶಿಖರ 1590ರ ಮುಖ್ಯ ಶಿಖರಕ್ಕಿಂತ ಬಹಳ ಚಿಕ್ಕದಾಗಿದ್ದರೆ ಕೊಳವೆಯ ಗೋಡೆ ಗಟ್ಟಿಯಾಗಿದೆ ಎಂದು ತಿಳಿಯಬಹುದು.

ಬೆಳೆಸುವುದೋ, ಕೊಳ್ಳುವುದೋ

ಚಿಪ್ಪಿನ ಮೇಲೆಯೇ ಬೆಳೆಸುವ ದಾರಿಯೆಂದರೆ ರಾಸಾಯನಿಕ ಆವಿ ನಿಕ್ಷೇಪಣ, ಎಲ್ಲರ ಬಾಯಲ್ಲಿ ಸಿವಿಡಿ. ಸಿಲಿಕಾನ್ ಚಿಪ್ಪಿನ ಗೊತ್ತುಪಡಿಸಿದ ಜಾಗಗಳಲ್ಲಿ ಕಬ್ಬಿಣದ ವೇಗವರ್ಧಕವನ್ನಿಟ್ಟು, ಮೀಥೇನ್ ಹರಿಸಿ, 1000 ಡಿಗ್ರಿಯಲ್ಲಿ ಒಂಟಿ ಕೊಳವೆಗಳನ್ನು ಬೆಳೆಸಬಹುದೆಂದು ದಾಯ್ ಅವರ ತಂಡ 1998ರಲ್ಲಿಯೇ ತೋರಿಸಿತು. ಮೀಥೇನಿನ ಬದಲು ಎಥನಾಲ್ ಆವಿಯನ್ನು ಬಳಸಿದರೆ 700ರಿಂದ 800 ಡಿಗ್ರಿ ಸಾಕೆಂಬುದನ್ನು ಟೋಕಿಯೊದ ಮಾರುಯಾಮಾ ತಂಡ 2002ರಲ್ಲಿ ತೋರಿಸಿತು. ಸಣ್ಣ ಪ್ರಯೋಗಾಲಯಕ್ಕೆ ನಾನು ಎಥನಾಲನ್ನೇ ಸೂಚಿಸುತ್ತೇನೆ. ಒಂದು ಸಿಲಿಂಡರ್ ಕಡಿಮೆಯಾಗುತ್ತದೆ, ತಾಪವೂ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಳಸುವ ಯಾವ ವಿಧಾನವನ್ನೂ ಕಾಲೇಜಿನಲ್ಲಿ ಮಾಡಬಾರದು.

ಸಿವಿಡಿಯ ದೊಡ್ಡ ಗುಣವೆಂದರೆ ಕೊಳವೆ ಉದ್ದವಾಗಿರುತ್ತದೆ, ಚೊಕ್ಕಟವಾಗಿರುತ್ತದೆ, ಸಾಬೂನಿನಂಥ ದ್ರಾವಣವನ್ನೂ ಪಾಲಿಮರನ್ನೂ ಅದು ಮುಟ್ಟಿರುವುದಿಲ್ಲ. ಲೋಹ ನೇರವಾಗಿ ಇಂಗಾಲದ ಮೇಲೆಯೇ ಕೂರುತ್ತದೆ. ದೊಡ್ಡ ಕೊರತೆಯೆಂದರೆ ವಿಂಗಡಣೆ ಇಲ್ಲ. ಮೂರರಲ್ಲಿ ಒಂದು ಕೊಳವೆ ಲೋಹೀಯ, ಎರಡು ಅರೆವಾಹಕ ಎಂಬುದು ಇಂಗಾಲದ ಹಾಳೆ ಸುತ್ತಿಕೊಳ್ಳುವ ಬಗೆಯಿಂದಲೇ ಬರುವ ಅನುಪಾತ. ಹತ್ತು ಕೊಳವೆಗಳ ಸಾಧನದಲ್ಲಿ ಹತ್ತೂ ಅರೆವಾಹಕವಾಗಿರುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದೇ ಒಂದು ಲೋಹೀಯ ಕೊಳವೆ ಉಳಿದರೂ ಗೇಟ್ (ಪ್ರವಾಹವನ್ನು ನಿಯಂತ್ರಿಸುವ ತುದಿ) ಎಷ್ಟೇ ಎಳೆದರೂ ಟ್ರಾನ್ಸಿಸ್ಟರು ಪೂರ್ತಿ ಮುಚ್ಚುವುದಿಲ್ಲ. ಗೇಟಿನಿಂದ ಅರೆವಾಹಕ ಕೊಳವೆಗಳನ್ನು ಮುಚ್ಚಿ, ವೋಲ್ಟೇಜ್ ಏರಿಸಿ, ಲೋಹೀಯ ಕೊಳವೆಗಳನ್ನು ಗಾಳಿಯಲ್ಲಿ ಸುಟ್ಟುಬಿಡುವ ಉಪಾಯವನ್ನು ಐಬಿಎಂ ತಂಡ 2001ರಲ್ಲಿ ತೋರಿಸಿತು. ಬೆರಳೆಣಿಕೆಯ ಕೊಳವೆಗಳಿಗೆ ಅದು ಈಗಲೂ ಒಳ್ಳೆಯ ಉಪಾಯ. ಕೊಳವೆಗಳು ಒತ್ತೊತ್ತಾಗಿದ್ದರೆ ಪಕ್ಕದ ಒಳ್ಳೆಯ ಕೊಳವೆಯೂ ಬೇಯುವ ಅಪಾಯವಿದೆ.

ಸಮಾನಾಂತರ ಕೊಳವೆಗಳು ಬೇಕೆನ್ನುವವರಿಗೆ ಕ್ವಾರ್ಟ್ಸ್ ಹರಳಿನ ಮೇಲಿನ ಬೆಳೆ ಇದೆ. ಎಸ್‌ಟಿ-ಕಟ್ ಕ್ವಾರ್ಟ್ಸ್ ಮೇಲೆ ಕೊಳವೆಗಳು ಹರಳಿನ ಒಂದು ದಿಕ್ಕನ್ನೇ ಹಿಡಿದು ಬೆಳೆಯುತ್ತವೆ. ಬೆಟಗೇರಿಯ ಮಗ್ಗದ ಮೇಲೆ ಹೊಕ್ಕು ಇನ್ನೂ ಬಿದ್ದಿರದ ಬರಿಯ ಹಾಸನ್ನು ನೋಡಿದವರಿಗೆ ಆ ಚಿತ್ರ ತಕ್ಷಣ ಹೊಳೆಯುತ್ತದೆ: ಎಲ್ಲ ಎಳೆಗಳೂ ಒಂದೇ ಕಡೆಗೆ, ಒಂದನ್ನೊಂದು ದಾಟದೆ. ಅನಂತರ ಚಿನ್ನದ ತೆಳುಪದರ ಮತ್ತು ಬಿಸಿಗೆ ಬಿಡುವ ಅಂಟುಪಟ್ಟಿಯಿಂದ ಅವನ್ನು ಸಿಲಿಕಾನಿಗೆ ವರ್ಗಾಯಿಸಬೇಕು. ಸ್ಟ್ಯಾನ್‌ಫರ್ಡ್ ತಂಡ 2013ರಲ್ಲಿ 178 ಟ್ರಾನ್ಸಿಸ್ಟರುಗಳ ಕಂಪ್ಯೂಟರನ್ನು ಕಟ್ಟಿದ್ದು ಈ ಬಗೆಯ ಕೊಳವೆಗಳಿಂದ. ಆದರೆ ಇದು ವರ್ಷಗಟ್ಟಲೆ ಒಂದೇ ಕೆಲಸ ಹಿಡಿದು ಕೂರುವ ತಂಡಕ್ಕೆ ಸರಿ; ಎರಡು ಸೆಮಿಸ್ಟರಿನ ಪ್ರಾಜೆಕ್ಟಿಗೆ ಅಲ್ಲ. ಜಪಾನಿನ ಹಾಟಾ ತಂಡ 2004ರಲ್ಲಿ ನೀರಿನ ಆವಿ ಬೆರೆಸಿ ಹತ್ತು ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರಕ್ಕೆ ಬೆಳೆಸಿದ ಕೊಳವೆಕಾಡುಗಳು ಸೂಪರ್‌ಕೆಪಾಸಿಟರಿಗೂ ಎಲೆಕ್ಟ್ರಾನ್ ಉತ್ಸರ್ಜನೆಗೂ ಆಗುತ್ತವೆ, ಟ್ರಾನ್ಸಿಸ್ಟರಿಗೆ ಅಲ್ಲ.

ಇನ್ನು ಕೊಳ್ಳುವ ದಾರಿ. ವಿಂಗಡಿಸಿದ ಅರೆವಾಹಕ ಕೊಳವೆಗಳ ದ್ರಾವಣ ಈಗ ಶೇ 99.9ರ ಶುದ್ಧತೆಯಲ್ಲಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಈ ಅಂಕಿಯನ್ನು ಓದುವ ರೀತಿ ಮುಖ್ಯ. ಒಂದು ಸಾಧನದಲ್ಲಿ ನೂರು ಕೊಳವೆಗಳು ಸೋರ್ಸಿನಿಂದ ಡ್ರೇನಿನವರೆಗೆ (ಪ್ರವಾಹ ಒಳಬರುವ ತುದಿಯಿಂದ ಹೊರಹೋಗುವ ತುದಿಯವರೆಗೆ) ನೇರವಾಗಿ ಚಾಚಿದ್ದರೆ, ಶೇ 99ರ ದ್ರಾವಣದಲ್ಲಿ ಕನಿಷ್ಠ ಒಂದು ಲೋಹೀಯ ಕೊಳವೆ ಸೇರಿಕೊಳ್ಳುವ ಸಂಭವ ನೂರಕ್ಕೆ 63, ಶೇ 99.9ರಲ್ಲಿ ಅದು ಸುಮಾರು 10, ಶೇ 99.99ರಲ್ಲಿ 1. ಪೀಕಿಂಗ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಶೇ 99.9999ರ ಶುದ್ಧತೆಗೆ ಹೋದದ್ದು ಈ ಲೆಕ್ಕದ ಒತ್ತಡದಿಂದಲೇ. ಆದರೆ ಕೊಳವೆಗಳು ಹಿಂಜಿದ ಅರಳೆಯ ಹಾಗೆ ಅಡ್ಡಾದಿಡ್ಡಿ ಹರಡಿದ್ದು, ಸೋರ್ಸ್ ಮತ್ತು ಡ್ರೇನಿನ ನಡುವಿನ ದೂರ ಕೊಳವೆಯ ಉದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚಾಗಿದ್ದರೆ, ಅಲ್ಲೊಂದು ಇಲ್ಲೊಂದು ಲೋಹೀಯ ಕೊಳವೆ ತಾನೇ ಎರಡೂ ದಡ ಮುಟ್ಟಲಾರದು. ಅಂಥ ಜಾಲಕ್ಕೆ ಶೇ 99 ಕೂಡ ಸಾಕಾಗುತ್ತದೆ. ಹೆಚ್ಚು ಶುದ್ಧತೆಗೆ ಹಣ ಕೊಡುವ ಮೊದಲು ನಿಮ್ಮದು ಹಾಸೋ ಅರಳೆಯೋ ನಿರ್ಧರಿಸಿರಿ.

ದ್ರಾವಣದ ಕೊಳವೆಯ ದೋಷವೆಂದರೆ ವಿಂಗಡಿಸಲು ಸುತ್ತಿದ ಪಾಲಿಮರ್ ಅಥವಾ ಸೋಡಿಯಂ ಕೋಲೇಟ್‌ನಂಥ ಮಾರ್ಜಕ ಕೊಳವೆಯ ಮೈಯಲ್ಲಿಯೇ ಉಳಿದು, ಲೋಹಕ್ಕೂ ಇಂಗಾಲಕ್ಕೂ ನಡುವೆ ಗೋಡೆಯಾಗುವುದು. ಪಾಲಿಮರಿನದಾದರೆ ಟಾಲ್ಯೂನ್‌ನಲ್ಲಿ, ಮಾರ್ಜಕದ್ದಾದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ನಿರ್ವಾತದಲ್ಲಿ 200ರಿಂದ 300 ಡಿಗ್ರಿಗೆ ಕಾಯಿಸಿದರೆ ಬಹುಪಾಲು ತೊಂದರೆ ನೀಗುತ್ತದೆ. ಸ್ವಚ್ಛಗೊಳಿಸುವ ಆತುರದಲ್ಲಿ ಆಕ್ಸಿಜನ್ ಪ್ಲಾಸ್ಮಾ ಹಚ್ಚಬಾರದು. ಕಸದ ಜೊತೆಗೆ ಕೊಳವೆಯೂ ಉರಿದುಹೋಗುತ್ತದೆ.

ಯಾವ ಲೋಹ

ಗಾಳಿಯಲ್ಲಿರುವ ನ್ಯಾನೊಟ್ಯೂಬ್ ಟ್ರಾನ್ಸಿಸ್ಟರು ಸಾಮಾನ್ಯವಾಗಿ ಹೋಲ್‌ಗಳನ್ನು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳನ್ನು) ಸಾಗಿಸುವ ಪಿ-ಬಗೆಯದಾಗಿ ವರ್ತಿಸುತ್ತದೆ, ಏಕೆಂದರೆ ಆಕ್ಸಿಜನ್ನು ಸಂಪರ್ಕದ ಬಳಿ ಲೋಹದ ಕಾರ್ಯಫಲನವನ್ನು (ಲೋಹದಿಂದ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಶಕ್ತಿಯನ್ನು) ಬದಲಿಸುತ್ತದೆ. ಸಿಲಿಕಾನಿನಲ್ಲಿ ಲೋಹ ಯಾವುದಾದರೂ ಶಕ್ತಿಮಟ್ಟ ಮೇಲ್ಮೈಯಲ್ಲಿ ಒಂದೆಡೆ ಸಿಕ್ಕಿಕೊಳ್ಳುವ ತೊಡಕಿದೆ. ಕೊಳವೆಯ ತೆಳುವಾದ ಆಕಾರದಲ್ಲಿ ಅದು ಬಹಳ ದುರ್ಬಲ. ಆದ್ದರಿಂದ ಇಲ್ಲಿ ಲೋಹದ ಆಯ್ಕೆಗೆ ನಿಜವಾದ ಬೆಲೆಯಿದೆ. ಹೋಲ್‌ಗಳಿಗೆ ಕಾರ್ಯಫಲನ ಹೆಚ್ಚಿರುವ ಪಲ್ಲಾಡಿಯಂ, ಎಲೆಕ್ಟ್ರಾನ್‌ಗಳಿಗೆ ಕಾರ್ಯಫಲನ ಕಡಿಮೆಯಿರುವ ಸ್ಕ್ಯಾಂಡಿಯಂ ಅಥವಾ ಇಟ್ರಿಯಂ ಎಂಬುದು ಇಂದಿನ ಸಾಮಾನ್ಯ ಉತ್ತರ.

ಆದರೆ ಕಾರ್ಯಫಲನವೊಂದೇ ಲೆಕ್ಕವಾಗಿದ್ದರೆ ಪ್ಲಾಟಿನಂ ಪಲ್ಲಾಡಿಯಮ್ಮಿಗಿಂತ ಮುಂದಿರಬೇಕಿತ್ತು. ವಾಸ್ತವದಲ್ಲಿ ಅದು ಹಿಂದಿದೆ. ಲೋಹ ಕೊಳವೆಯ ಮೈಗೆ ಹತ್ತಿಕೊಳ್ಳಬೇಕು, ಎಣ್ಣೆ ಕಂಡ ನೀರಿನ ಹಾಗೆ ಹನಿಯಾಗಿ ಸರಿದು ನಿಲ್ಲಬಾರದು. ಟೈಟಾನಿಯಂ, ನಿಕೆಲ್, ಪಲ್ಲಾಡಿಯಂ ಕೊಳವೆಯನ್ನು ಬಿಡುವಿಲ್ಲದೆ ಆವರಿಸುತ್ತವೆ. ಚಿನ್ನ, ಅಲ್ಯೂಮಿನಿಯಂ, ಕಬ್ಬಿಣ ಬಿಡಿ ಕಣಗಳಾಗಿ ಕೂರುತ್ತವೆ. ಟೈಟಾನಿಯಂ ಚೆನ್ನಾಗಿ ಹತ್ತಿದರೂ ಅದರ ಕಾರ್ಯಫಲನ ಮಧ್ಯದಲ್ಲಿ ಬೀಳುವುದರಿಂದ ಎರಡೂ ಬಗೆಯ ವಾಹಕಗಳಿಗೆ ತಡೆ ಉಳಿಯುತ್ತದೆ. ಎರಡು ಗುಣಗಳೂ ಒಟ್ಟಿಗೆ ಕೂಡಿರುವುದು ಪಲ್ಲಾಡಿಯಮ್ಮಿನಲ್ಲಿ.

ಚಿನ್ನದ ಕುರಿತು ಒಂದು ಎಚ್ಚರಿಕೆ. ಚಿನ್ನ ಗಾಜಿನಂಥ ಮೇಲ್ಮೈಗೆ ಅಂಟದ ಕಾರಣ ಅದರ ಕೆಳಗೆ ಕೆಲವು ನ್ಯಾನೊಮೀಟರ್ ಕ್ರೋಮಿಯಂ ಅಥವಾ ಟೈಟಾನಿಯಂ ಹಾಕುವುದು ಎಲ್ಲ ಪ್ರಯೋಗಾಲಯಗಳ ವಾಡಿಕೆ. ಆಗ ಕೊಳವೆಯನ್ನು ಮುಟ್ಟುವುದು ಆ ಕೆಳಪದರವೇ ಹೊರತು ಚಿನ್ನವಲ್ಲ. ನಮ್ಮ ಪ್ರಾಜೆಕ್ಟಿನಲ್ಲಿ ಆದದ್ದು ಇದೇ. ದುಬಾರಿಯಾದ ಪಲ್ಲಾಡಿಯಮ್ಮನ್ನು ಕೊಳವೆಯನ್ನು ಮುಟ್ಟುವ ಸಣ್ಣ ಪಟ್ಟಿಗೆ ಮಾತ್ರ 20ರಿಂದ 40 ನ್ಯಾನೊಮೀಟರ್ ದಪ್ಪಕ್ಕೆ ಹಾಕಿ, ಸೂಜಿ ಊರುವ ಮತ್ತು ತಂತಿ ಬೆಸೆಯುವ ದೊಡ್ಡ ಚೌಕಗಳನ್ನು ಟೈಟಾನಿಯಂ ಮೇಲಿನ ಚಿನ್ನದಿಂದ ಮಾಡಿದರೆ ಖರ್ಚೂ ತಗ್ಗುತ್ತದೆ, ಚೌಕಗಳೂ ಕಿತ್ತುಬರುವುದಿಲ್ಲ. ಸ್ಕ್ಯಾಂಡಿಯಂ ಮತ್ತು ಇಟ್ರಿಯಂ ಗಾಳಿಗೆ ಬೇಗ ಆಕ್ಸೈಡ್ ಆಗುವುದರಿಂದ, ಒಳ್ಳೆಯ ನಿರ್ವಾತವೂ ಮೇಲೊಂದು ರಕ್ಷಣಾ ಪದರವೂ ಇಲ್ಲದವರು ಎಲೆಕ್ಟ್ರಾನ್‌ಗಳನ್ನು ಸಾಗಿಸುವ ಎನ್-ಬಗೆಯ ಸಾಧನಕ್ಕೆ ಕೈ ಹಾಕದಿರುವುದು ಒಳಿತು.

ಆಕಾರದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಕೊಳವೆಯನ್ನು ಲೋಹದ ಮೇಲಿಡುವುದಕ್ಕಿಂತ ಲೋಹವನ್ನು ಕೊಳವೆಯ ಮೇಲೆ ಹಾಕುವುದು ಯಾವಾಗಲೂ ಉತ್ತಮ. ಲೋಹ ಕೊಳವೆಯನ್ನು ಆವರಿಸಿರುವ ಉದ್ದ 100 ನ್ಯಾನೊಮೀಟರಿಗಿಂತ ಕಿರಿದಾದಂತೆ ರೋಧ ಏರುತ್ತದೆ. ಐಬಿಎಂ ತಂಡ 2015ರಲ್ಲಿ ಮಾಲಿಬ್ಡಿನಂ ಅನ್ನು 850 ಡಿಗ್ರಿಯಲ್ಲಿ ಕೊಳವೆಯ ತುದಿಯ ಇಂಗಾಲದೊಡನೆ ಕಾರ್ಬೈಡ್ ಆಗಿಸಿ, 10 ನ್ಯಾನೊಮೀಟರಿಗಿಂತ ಕಿರಿದಾದ ಸಂಪರ್ಕದಲ್ಲಿಯೂ ಆ ಏರಿಕೆಯನ್ನು ತಪ್ಪಿಸಿತು. ಕಾಲೇಜಿನ ಸಾಧನದಲ್ಲಿ ಜಾಗಕ್ಕೆ ಬರವಿಲ್ಲ. ಸಂಪರ್ಕವನ್ನು ಒಂದು ಮೈಕ್ರಾನ್ ಉದ್ದ ಇಟ್ಟುಬಿಡಿರಿ, ಈ ಚಿಂತೆಯೇ ಇರುವುದಿಲ್ಲ.

ನಮ್ಮ ಕಡೆಯ ಪರಿಸ್ಥಿತಿಗೆ

ಸ್ವಚ್ಛಕೋಣೆಯಿಲ್ಲದ, ಆದರೆ ಲೋಹದ ಆವಿ ಲೇಪಿಸುವ ಒಂದು ಸಾಧಾರಣ ಯಂತ್ರವಿರುವ ವಿಭಾಗಕ್ಕೆ ನನ್ನ ಆಯ್ಕೆ ದ್ರಾವಣದ ಜಾಲ. 300 ನ್ಯಾನೊಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಚಿಪ್ಪಿನ ಮೇಲೆ ಪಾಲಿ-ಎಲ್-ಲೈಸಿನ್ ಹಚ್ಚಿ ತೊಳೆದು, ಕೊಳವೆಗಳಿರುವ ಮಾರ್ಜಕದ ದ್ರಾವಣದಲ್ಲಿ ಅದ್ದಿ, ಮತ್ತೆ ತೊಳೆದು, ಲೋಹದ ತೆಳು ಹಾಳೆಯಲ್ಲಿ ಕೊರೆದ ಮರೆಯ ಮೂಲಕ ಲೇಪಿಸಿದರೆ ಸಾಧನ ಸಿದ್ಧ. ಇಲ್ಲಿ ಮಾತ್ರ ನನ್ನ ಮೊದಲಿನ ನಿಯಮ ಸಡಿಲವಾಗುತ್ತದೆ: ಉದ್ದನೆಯ ಜಾಲದಲ್ಲಿ ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟುವ ಪ್ರತಿ ಸಂಧಿಯಲ್ಲೂ ನೂರಾರು ಕಿಲೋಓಮ್ ರೋಧವಿರುವುದರಿಂದ ಲೋಹದ ಪಾಲು ಚಿಕ್ಕದಾಗುತ್ತದೆ, ಚಿನ್ನವೂ ನಡೆಯುತ್ತದೆ. ಅನಿಲ ಸಂವೇದಕಕ್ಕೆ ಇದೇ ಸರಿಯಾದ ದಾರಿ.

ಒಂಟಿ ಕೊಳವೆಯ ಟ್ರಾನ್ಸಿಸ್ಟರೇ ಬೇಕೆಂದರೆ ಚಿಪ್ಪನ್ನು ಹಿಡಿದು ಬೆಂಗಳೂರಿಗೆ ಹೋಗಲು ಸಿದ್ಧರಾಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದ ಸ್ವಚ್ಛಕೋಣೆಯನ್ನು ಹೊರಗಿನ ಕಾಲೇಜಿನವರೂ ಬಳಸಲು ಐಎನ್‌ಯುಪಿ ಯೋಜನೆ ಅವಕಾಶ ಕೊಡುತ್ತದೆ. ಅರ್ಜಿ ಹಾಕುವಾಗಲೇ ಕಬ್ಬಿಣದ ವೇಗವರ್ಧಕವಿರುವ ಚಿಪ್ಪನ್ನು ಯಾವ ಯಂತ್ರಗಳೊಳಗೆ ಬಿಡುತ್ತಾರೆ ಎಂದು ಕೇಳಿಕೊಳ್ಳಿರಿ. ಬೆಳೆಸಿದ ಮೇಲೆ ಕೇಳಿದರೆ ತಡವಾಗಿರುತ್ತದೆ. ರಾಮನ್ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಳತೆಗೆ ಮಾತ್ರ ಅಷ್ಟು ದೂರ ಹೋಗುವ ಮೊದಲು ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ ಧಾರವಾಡ ಮತ್ತು ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿರಿ.

ಕುಲುಮೆಯನ್ನು ಇಲ್ಲಿಯೇ ನಡೆಸುವವರು ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅನಿಲದ ಹರಿವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಕವಾಟಗಳು ಬಹುತೇಕ ಕರೆಂಟ್ ಇಲ್ಲದಾಗ ತಾವಾಗಿ ಮುಚ್ಚಿಕೊಳ್ಳುತ್ತವೆ. ಬೆಳೆಸುವಾಗ ಹರಿಸುವ ಹೈಡ್ರೋಜನ್ ನಿಲ್ಲುವುದು ಒಳ್ಳೆಯದೇ. ಆದರೆ ಗಾಳಿಯನ್ನು ಹೊರಗಿಡುವ ಆರ್ಗಾನ್ ಕೂಡ ನಿಂತರೆ ತಣ್ಣಗಾಗುತ್ತಿರುವ ಕ್ವಾರ್ಟ್ಸ್ ನಳಿಗೆಯೊಳಗೆ ಹೊರಗಿನ ಗಾಳಿ ನುಗ್ಗಿ, ಬೆಳೆದ ಕೊಳವೆಗಳೆಲ್ಲ ಸುಟ್ಟುಹೋಗುತ್ತವೆ. ಆರ್ಗಾನಿಗೆ ಕೈಯಿಂದ ತಿರುಗಿಸುವ ಒಂದು ರೋಟಾಮೀಟರಿನ (ಕರೆಂಟ್ ಬೇಡದ ಹರಿವು ಮಾಪಕದ) ಬದಲಿ ದಾರಿಯನ್ನು ಜೋಡಿಸಿಟ್ಟುಕೊಳ್ಳಿರಿ. ಒಣ ಪುಡಿಯನ್ನು ತೆರೆದ ಮೇಜಿನ ಮೇಲೆ ತೂಗಬೇಡಿರಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಹಲವು ಗೋಡೆಗಳ ಒಂದು ಬಗೆಯ ಕೊಳವೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾಗಿರಬಹುದಾದ ಪದಾರ್ಥಗಳ ಗುಂಪಿಗೆ ಸೇರಿಸಿದೆ.

ಸಾಧನ ತಯಾರಾದ ಮೇಲೆ ಒಂದೇ ಉದ್ದದ ಒಂದೇ ಸಾಧನವನ್ನು ಅಳೆದು ತೀರ್ಮಾನಕ್ಕೆ ಬರಬಾರದು. ಒಂದೇ ಕೊಳವೆಯ ಮೇಲೆ ಅಥವಾ ಒಂದೇ ಜಾಲದ ಮೇಲೆ ಅರ್ಧ, ಒಂದು, ಎರಡು, ನಾಲ್ಕು ಮೈಕ್ರಾನ್ ಎಂದು ಬೇರೆಬೇರೆ ಅಂತರದ ಸಂಪರ್ಕಗಳನ್ನಿಟ್ಟು, ರೋಧವನ್ನು ಉದ್ದಕ್ಕೆದುರಾಗಿ ಗುರುತಿಸಿ, ಗೆರೆಯನ್ನು ಸೊನ್ನೆ ಉದ್ದದವರೆಗೆ ಎಳೆಯಿರಿ. ಅಲ್ಲಿ ಉಳಿಯುವ ಬೆಲೆ ಸಂಪರ್ಕದ್ದು. ಈ ಅಳತೆಗಳನ್ನು ಜುಲೈ ತಿಂಗಳ ಧಾರವಾಡದಲ್ಲಿ ಗಾಳಿಗೆ ತೆರೆದಿಟ್ಟ ಚಿಪ್ಪಿನ ಮೇಲೆ ಮಾಡಿದರೆ, ಗೇಟಿನ ವೋಲ್ಟೇಜನ್ನು ಏರಿಸುವಾಗ ಬಂದ ಗೆರೆಯ ಮೇಲೆ ಇಳಿಸುವಾಗಿನ ಗೆರೆ ಕೂರುವುದಿಲ್ಲ. ಆಕ್ಸೈಡಿನ ಮೇಲೆ ಅಂಟಿದ ನೀರಿನ ಅಣುಗಳು ಆವೇಶವನ್ನು ಹಿಡಿದಿಟ್ಟುಕೊಳ್ಳುವುದೇ ಅದಕ್ಕೆ ಮುಖ್ಯ ಕಾರಣ. ನಿರ್ವಾತದಲ್ಲಿ ಕಾಯಿಸಿ, ಪಿಎಂಎಂಎ ಎಂಬ ಪಾಲಿಮರಿನ ಪದರದಿಂದ ಮುಚ್ಚಿ ಅಳೆದರೆ ಎರಡು ಗೆರೆಗಳು ಹತ್ತಿರ ಬರುತ್ತವೆ. ಆರ್ದ್ರತೆಯನ್ನೇ ಅಳೆಯುವ ಸಂವೇದಕ ನಿಮ್ಮ ಗುರಿಯಾಗಿದ್ದರೆ ಮಾತ್ರ ಚಿಪ್ಪನ್ನು ತೆರೆದಿಡಿರಿ, ಮತ್ತು ಪ್ರತಿ ಅಳತೆಯ ಪಕ್ಕದಲ್ಲಿ ಆ ಹೊತ್ತಿನ ಕೋಣೆಯ ಆರ್ದ್ರತೆಯನ್ನು ತಪ್ಪದೆ ಬರೆದಿಡಿರಿ.